ಮುಖದ ಮೇಲಿನ ನೆಂಟರು

ನನ್ನ ತವರಿನಲ್ಲಿ ಮೊಡವೆಗೆ ಮೊಡವೆ ಅನ್ನುತ್ತಿರಲಿಲ್ಲ, ನೆಂಟರು ಅನ್ನುತ್ತಿದ್ದೆವು. ಕೀವು ತುಂಬಿ ತಲೆ ಬೆಳ್ಳಗಾದದ್ದು ದೊಡ್ಡ ನೆಂಟ. ಇನ್ನೂ ಕೆಂಪಗೆ ಒಳಗೇ ಕುದಿಯುತ್ತಿರುವುದು ದಾರಿಯಲ್ಲಿರುವ ನೆಂಟ. ಒಡೆದು ಒಣಗಿದ ಮೇಲೂ ಕಪ್ಪು ಕಲೆ ಬಿಟ್ಟದ್ದು, ಹೋಗುತ್ತೇನೆ ಹೋಗುತ್ತೇನೆ ಎಂದು ಬಾಗಿಲಲ್ಲಿ ನಿಂತು ಇನ್ನೊಂದು ಗಂಟೆ ಮಾತಾಡುವ ನೆಂಟ.

ಈ ಮಾತನ್ನು ಹುಟ್ಟಿಸಿದವಳು ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ. ಅಪ್ಪನದು ಫೋಟೋ ಸ್ಟುಡಿಯೋ. ಅಪ್ಪ ಫೋಟೋ ತೆಗೆಯುತ್ತಿದ್ದ, ಅತ್ತೆ ಹಿಂದಿನ ಕೋಣೆಯಲ್ಲಿ ಕೂತು ಟಚಿಂಗ್ ಮಾಡುತ್ತಿದ್ದಳು. ಫೋಟೋ ಅಚ್ಚಾಗುವ ಮೊದಲು ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದಿ, ಮುಖದ ಗುಳ್ಳೆ, ಕಲೆ, ಸುಕ್ಕು ಎಲ್ಲ ಕಾಣದ ಹಾಗೆ ಮಾಡುವುದು ಆ ಕೆಲಸ. ಗಿರಾಕಿ ಎದುರಿಗೇ ಕೂತಿರುವಾಗ 'ಇವರ ಮುಖದ ತುಂಬ ಕೀವುಗುಳ್ಳೆ ಇದೆಯಲ್ಲ' ಅನ್ನಲಾದೀತೆ? ಅದಕ್ಕೇ ಅಪ್ಪ ಒಳಗೆ ನೋಡಿ, "ಅಕ್ಕಾ, ನೆಂಟರು ಜಾಸ್ತಿ ಇದ್ದಾರೆ, ನಿಧಾನವಾಗಿ ಕಳಿಸಿಕೊಡು" ಎಂದು ಕೂಗುತ್ತಿದ್ದ.

ಒಮ್ಮೆ ಇದರಿಂದ ಎಡವಟ್ಟೂ ಆಯಿತು. ಮದುವೆಯ ಗುಂಪು ಫೋಟೋ ತೆಗೆಸಿದ್ದ ಯಜಮಾನರೊಬ್ಬರು ವಿಚಾರಿಸಲು ಬಂದರು. ಅಪ್ಪ ಬಾಯಿ ತಪ್ಪಿ, "ನೀವೇನೂ ಚಿಂತೆ ಮಾಡ್ಬೇಡಿ, ನೆಂಟರನ್ನೆಲ್ಲ ತೆಗೆದುಹಾಕಿದ್ದೀವಿ, ಒಬ್ಬರೂ ಉಳಿದಿಲ್ಲ" ಅಂದುಬಿಟ್ಟ. ಆ ಮನುಷ್ಯ ಹಾಗೇ ಕುರ್ಚಿಯಲ್ಲಿ ಕುಸಿದ. "ಎಲ್ಲರನ್ನೂ ತೆಗೆದ್ರಾ? ನನ್ನ ತಮ್ಮನ್ನೂ?" ಅಪ್ಪ ಬೆಬ್ಬೆಬ್ಬೆ ಅನ್ನುತ್ತಿದ್ದಾಗ ಅತ್ತೆ ಒಳಗಿನಿಂದ ಬಂದು ಮುಖ ಸಪ್ಪಗೆ ಇಟ್ಟುಕೊಂಡೇ ಹೇಳಿದಳು: "ತಮ್ಮ ಇದ್ದಾರೆ. ಬೇಡ ಅಂದ್ರೆ ತೆಗೀತೀನಿ, ಆದ್ರೆ ಅದಕ್ಕೆ ಪೆನ್ಸಿಲ್ ಸಾಲಲ್ಲ, ಬ್ಲೇಡ್ ಬೇಕು." ಯಜಮಾನರು ದನಿ ತಗ್ಗಿಸಿ, "ತಮ್ಮ ಇರ್ಲಿ. ಅವನ ಹೆಂಡತಿ ಒಬ್ಬಳನ್ನ ತೆಗೆಯಕ್ಕಾಗುತ್ತಾ?" ಎಂದು ಕೇಳಿದರಂತೆ.

ಅತ್ತೆ ಮದುವೆಯಾದ ವರ್ಷವೇ ಗಂಡನನ್ನು ಬಿಟ್ಟು ತಮ್ಮನ ಮನೆಗೆ ಬಂದವಳು. ಯಾಕೆ ಅಂತ ಯಾರಾದರೂ ಕೆದಕಿದರೆ, "ಅವನನ್ನ ಟಚಿಂಗ್ ಮಾಡಕ್ಕಾಗ್ಲಿಲ್ಲ" ಅನ್ನುತ್ತಿದ್ದಳು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅವಳ ಕೋಣೆಗೆ ಒಂದೇ ಕಿಟಕಿ. ಕಿಟಕಿಯ ಮುಂದೆ ಓದುವ ಪೀಠದಂಥ ಇಳಿಜಾರು ಮೇಜು, ಮೇಜಿನ ನಡುವೆ ಹಾಲುಬಣ್ಣದ ಗಾಜು, ಅದರ ಕೆಳಗೆ ಕಿಟಕಿಯ ಬೆಳಕನ್ನು ಮೇಲಕ್ಕೆ ಎಸೆಯುವ ಒಂದು ಕನ್ನಡಿ. ಗಾಜಿನ ಮೇಲೆ ನೆಗೆಟಿವ್ ಇಟ್ಟು, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು, ಭೂತಗನ್ನಡಿ ಹಿಡಿದು ಕೂತರೆ ಅತ್ತೆಯನ್ನು ಊಟಕ್ಕೆ ಎಬ್ಬಿಸುವುದೂ ಕಷ್ಟ. ಪೆನ್ಸಿಲಿನ ಮೊನೆಯನ್ನು ಮರಳು ಕಾಗದಕ್ಕೆ ಉಜ್ಜಿ ಉಜ್ಜಿ ಸೂಜಿಯ ಹಾಗೆ ಮಾಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಆ ಉಜ್ಜುವ ಸದ್ದು ಕೇಳುತ್ತಿದ್ದೆ. ಇವತ್ತಿಗೂ ಯಾರಾದರೂ ಎಲ್ಲಾದರೂ ಪೆನ್ಸಿಲ್ ಚೂಪು ಮಾಡಿದರೆ ನನಗೆ ಆ ಕೋಣೆಯ ವಾಸನೆ ಬರುತ್ತದೆ.

ನೆಗೆಟಿವ್‌ನಲ್ಲಿ ಎಲ್ಲವೂ ತಿರುವುಮುರುವು ತಾನೇ. ಕೂದಲು ಬಿಳಿ, ಹಲ್ಲು ಕಪ್ಪು, ಮುಖ ಮಸಿ. ಅಚ್ಚಾದಾಗ ಕಪ್ಪಾಗಿ ಕಾಣಬೇಕಾದ ಕೆಂಪು ಗುಳ್ಳೆ ಅಲ್ಲಿ ಗಾಜಿನ ತೂತಿನ ಹಾಗೆ ತಿಳಿಯಾಗಿ ಹೊಳೆಯುತ್ತದೆ. ಆ ತೂತನ್ನು ಪೆನ್ಸಿಲಿನ ಸೀಸದಿಂದ ಅಲ್ಪವಿರಾಮದಂಥ ಸಣ್ಣ ಸಣ್ಣ ಗೀರು ಹಾಕಿ ತುಂಬಬೇಕು. ಹೆಚ್ಚಾದರೆ ಫೋಟೋದಲ್ಲಿ ಸುಣ್ಣದ ಚುಕ್ಕೆ ಬೀಳುತ್ತದೆ, ಕಡಿಮೆಯಾದರೆ ಗುಳ್ಳೆ ಅಲ್ಲೇ ಕೂತಿರುತ್ತದೆ.

ಊರಿನವರ ಮುಖಗಳೆಲ್ಲ ಹೀಗೆ ಅತ್ತೆಯ ಕೈ ದಾಟಿಯೇ ಹೋಗಬೇಕಿತ್ತು. ದಿನಾ ಬೆಳಿಗ್ಗೆ ಮೊಂಡು ಬ್ಲೇಡಿನಲ್ಲಿ ಗಡ್ಡ ಹೆರೆದುಕೊಂಡು ಕತ್ತಿನ ತುಂಬ ಗುಳ್ಳೆ ಎಬ್ಬಿಸಿಕೊಂಡ ಪೊಲೀಸಿನವನು, ಹೆಲ್ಮೆಟ್ಟಿನ ಪಟ್ಟಿ ಉಜ್ಜಿ ಗದ್ದದ ಅಡಿಯಲ್ಲಿ ಸಾಲಾಗಿ ಕೀವುಗುಳ್ಳೆ ಬೆಳೆಸಿದ ಅಂಚೆಯವನು, ರೆಪ್ಪೆಯ ಮೇಲೆ ಕುರು ಎದ್ದ ದಿನವೇ ಫೋಟೋ ತೆಗೆಸಲು ಬಂದ ಮದುಮಗ. ಕಾರಣ ಕೇಳಿದರೆ ಅತ್ತೆಯ ಬಳಿ ಇದ್ದದ್ದು ಒಂದೇ ಉತ್ತರ: "ಉಷ್ಣ." ಬ್ಲೇಡೂ ಉಷ್ಣ, ಹೆಲ್ಮೆಟ್ಟೂ ಉಷ್ಣ, ಮದುವೆಯಂತೂ ಕಡು ಉಷ್ಣ. ಅಪ್ಪನಿಗೆ ನೆಗಡಿಯಾದರೂ ಉಷ್ಣ ಅಂದವಳು ಅವಳು. ಗುಳ್ಳೆ ಅಳಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಗುಳ್ಳೆ ಯಾಕೆ ಬರುತ್ತದೆ ಅನ್ನುವುದರಲ್ಲಿ ಅವಳಷ್ಟು ತಪ್ಪು ತಿಳಿದವರೂ ಇರಲಿಲ್ಲ.

ನನಗೆ ಹದಿನಾರು ತುಂಬುವ ಹೊತ್ತಿಗೆ ನೆಂಟರು ನನ್ನ ಮುಖಕ್ಕೇ ಬಂದು ಬಿಡಾರ ಹೂಡಿದರು. ಮೊದಲು ಹಣೆಯಲ್ಲಿ ಇಬ್ಬರು, ಆಮೇಲೆ ಕೆನ್ನೆಗೆ ಕುಟುಂಬ ಸಮೇತ. ಬೆಳಿಗ್ಗೆ ಎದ್ದರೆ ದಿಂಬಿನ ಬಟ್ಟೆ ಕೆನ್ನೆಗೆ ಅಂಟಿಕೊಂಡಿರುತ್ತಿತ್ತು. ಬಿಡಿಸಿದರೆ ಹಳದಿ ಕಲೆ, ಉರಿ. ನಗುವುದಕ್ಕೂ ನೋವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ, ಸರಿ. ಆದರೆ ಮುಖದ ಹುಣ್ಣಿಗೆ ಕನ್ನಡಿ ಬೇಕೇ ಬೇಕು, ಬಂದ ಕಷ್ಟವೇ ಅದು. ಸ್ಟುಡಿಯೋದಲ್ಲೋ ಗೋಡೆಗೊಂದು ಕನ್ನಡಿ.

ಕ್ಲಾಸಿನಲ್ಲಿ ನನಗೆ 'ಜೋಳದ ತೆನೆ' ಅಂತ ಹೆಸರಿಟ್ಟರು. ನಾನೂ ಸುಮ್ಮನಿರುವವಳಲ್ಲ, ಹೆಸರಿಟ್ಟವನ ಪುಸ್ತಕದ ಚೀಲವನ್ನು ನಲ್ಲಿಯ ಕೆಳಗೆ ಹಿಡಿದೆ. ಅದರಿಂದ ಗುಳ್ಳೆಯೇನೂ ಹೋಗಲಿಲ್ಲ. ಟೂತ್‌ಪೇಸ್ಟ್ ಮೆತ್ತಿದೆ, ಉಪ್ಪುನೀರಿನಲ್ಲಿ ತೊಳೆದೆ, ಸೋಪು ಹಾಕಿ ಚರ್ಮ ಕಿತ್ತುಬರುವ ಹಾಗೆ ಉಜ್ಜಿದೆ. ಕೊನೆಗೆ ಕನ್ನಡಿಯ ಮುಂದೆ ನಿಂತು ಎರಡು ಉಗುರಿನಲ್ಲಿ ಒತ್ತುತ್ತಿದ್ದಾಗ ಅತ್ತೆ ಹಿಂದಿನಿಂದ ಬಂದು ಕೈಗೆ ಫಟ್ಟನೆ ಹೊಡೆದಳು.

"ಒತ್ತಬೇಡ ಕಣೇ. ಹಣ್ಣಾದ್ಮೇಲೆ ತಾನೇ ಹೋಗುತ್ತೆ. ನೆಂಟರನ್ನ ಕತ್ತು ಹಿಡಿದು ನೂಕಿದ್ರೆ ಹೋಗೋವಾಗ ಬಾಗಿಲು ಮುರಿದು ಹೋಗ್ತಾರೆ."

ಆ ವರ್ಷ ಸ್ಕೂಲು ಮುಗಿಸಿದವರೆಲ್ಲ ಸ್ಟುಡಿಯೋಕ್ಕೆ ಬಂದು ಒಂದೊಂದು ಫೋಟೋ ತೆಗೆಸಿಕೊಂಡರು. ನಾನು ಮಾತ್ರ ತಪ್ಪಿಸಿಕೊಂಡು ಓಡಾಡಿದೆ. ಅಪ್ಪ ಹಿಡಿದು ತಂದು ಸ್ಟೂಲಿನ ಮೇಲೆ ಕೂರಿಸಿದ. ದೀಪ ಹಾಕಿದ. ಆ ದೀಪ ಎಷ್ಟು ಬಿಸಿಯೆಂದರೆ ಗುಳ್ಳೆಗಳು ಒಂದೊಂದಾಗಿ ಮಿಡಿಯುವುದು ನನಗೆ ಗೊತ್ತಾಗುತ್ತಿತ್ತು. ನಾನು ಮುಖ ಅತ್ತ ತಿರುಗಿಸುವುದು, ಅಪ್ಪ ಇತ್ತ ತಿರುಗಿಸುವುದು, ಹೀಗೇ ನಡೆಯಿತು. ಕೆಲಸದ ಹೊತ್ತಿನಲ್ಲಿ ಕೋಣೆ ಬಿಟ್ಟು ಹೊರಗೆ ಬರದ ಅತ್ತೆ ಅವತ್ತು ಬಂದಳು. ಕ್ಯಾಮೆರಾದ ಪಕ್ಕ ನಿಂತು, "ನೇರ ನೋಡು. ಉಳಿದದ್ದು ನನಗೆ ಬಿಡು" ಅಂದಳು. ನೋಡಿದೆ.

ಕೆಲವು ದಿನಗಳ ಮೇಲೆ ಫೋಟೋ ಕೈಗೆ ಬಂತು. ಬೆಣ್ಣೆಯಂಥ ಕೆನ್ನೆಯ ಒಬ್ಬ ಹುಡುಗಿ, ಆದರೂ ನಾನೇ. ಮೂಗು ನನ್ನದೇ, ತುಸು ಸಿಟ್ಟಿನ ಹುಬ್ಬು ನನ್ನದೇ. ಎಷ್ಟು ಸಂತೋಷವಾಯಿತೆಂದರೆ ಅತ್ತೆಯ ಕುತ್ತಿಗೆಗೆ ಜೋತುಬಿದ್ದೆ. ಅಪ್ಪ ಅದರ ದೊಡ್ಡ ಪ್ರತಿ ಮಾಡಿ ಶೋಕೇಸಿನಲ್ಲಿಟ್ಟ. ಬೀದಿಯಲ್ಲಿ ಹೋಗುವವರು ನಿಂತು ಆ ಹುಡುಗಿಯನ್ನು ನೋಡುತ್ತಿದ್ದರು, ಅವಳ ಅಸಲು ಪ್ರತಿ ಮಾತ್ರ ಹಿತ್ತಲ ಬಾಗಿಲಿನಿಂದ ಓಡಾಡುತ್ತಿತ್ತು. ಇಪ್ಪತ್ತು ದಾಟುವ ಹೊತ್ತಿಗೆ ನೆಂಟರು ಬಂದ ಹಾಗೇ ಹೊರಟುಹೋದರು. ಕಲೆಯೂ ಮಾಸಿತು. ಮದುವೆಯಾದ ಮೇಲೆ ಆ ಫೋಟೋ ನನ್ನ ಜೊತೆಗೇ ಬಂದು ನಮ್ಮ ಮನೆಯ ಗೋಡೆ ಏರಿತು.

ಈಗ ಅದೇ ಫೋಟೋ ನನಗೆ ಶತ್ರುವಾಯಿತು.

ನಮ್ಮ ಮಗಳನ್ನು ಮನೆಯಲ್ಲಿ ಗುಬ್ಬಿ ಅನ್ನುತ್ತೇವೆ. ಅವರಪ್ಪನಿಗಿಂತ ಎತ್ತರ ಬೆಳೆದಿದ್ದಾಳೆ, ಹೆಸರು ಮಾತ್ರ ಹಾಗೇ ಉಳಿದಿದೆ. ಎಂಟು ವರ್ಷದವಳಿದ್ದಾಗಿನಿಂದ ಪಿಟೀಲು ನುಡಿಸುತ್ತಾಳೆ, ನಿಂತುಕೊಂಡು, ಭುಜದ ಮೇಲಿಟ್ಟು ಗದ್ದದಿಂದ ಒತ್ತಿ ಹಿಡಿಯುವ ರೀತಿ. ಕಳೆದ ವರ್ಷದಿಂದ ಅವಳ ಮುಖದ ತುಂಬ ಗುಳ್ಳೆ. ಕೆನ್ನೆಯಲ್ಲಿ, ಹಣೆಯಲ್ಲಿ, ಎಲ್ಲಕ್ಕಿಂತ ಕೆಟ್ಟದಾಗಿ ಪಿಟೀಲು ಒತ್ತುವ ಎಡ ದವಡೆಯಲ್ಲಿ. ಅಲ್ಲಿ ಒಂದರ ಮೇಲೊಂದು ಕೀವು ಕಟ್ಟಿ, ಒಡೆದು, ಮತ್ತೆ ಕಟ್ಟುತ್ತಿತ್ತು.

ಚರ್ಮದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಒಳ್ಳೆಯ ಹೆಂಗಸು, ಗುಬ್ಬಿಯ ಕಡೆಗೇ ತಿರುಗಿ ಮಾತಾಡಿದರು. "ಇದು ಕೊಳೆಯಿಂದ ಬಂದದ್ದಲ್ಲಮ್ಮ, ನಿನ್ನ ತಪ್ಪೂ ಅಲ್ಲ. ಈ ವಯಸ್ಸಲ್ಲಿ ಚರ್ಮದೊಳಗೆ ಎಣ್ಣೆ ಜಾಸ್ತಿ ಊರುತ್ತೆ, ರಂಧ್ರದ ಬಾಯಿ ಕಟ್ಟಿಕೊಳ್ಳುತ್ತೆ. ಒಳಗೆ ರೋಗಾಣು ಸೇರಿದಾಗ ನಿನ್ನ ರಕ್ತದ ಸಿಪಾಯಿಗಳು ಹೋಗಿ ಜಗಳಕ್ಕೆ ನಿಲ್ತಾರೆ. ಅಲ್ಲಿ ಸತ್ತವರ ರಾಶಿಯೇ ಕೀವು. ದವಡೆ ಮೇಲಿನದು ಮಾತ್ರ ಪಿಟೀಲು ಕೊಟ್ಟಿದ್ದು. ಒತ್ತಡ, ಉಜ್ಜಾಟ, ಬೆವರು. ಗದ್ದ ಇಡೋ ಜಾಗ ದಿನಾ ಒರೆಸು, ಮೇಲೊಂದು ಒಗೆದ ಮೆತ್ತನೆ ಬಟ್ಟೆ ಹಾಕ್ಕೋ." ಮುಲಾಮು ಬರೆದುಕೊಟ್ಟರು, ಮಾತ್ರೆ ಬರೆದುಕೊಟ್ಟರು. ಫಲ ಕಾಣಲು ಎರಡು ಮೂರು ತಿಂಗಳಾದರೂ ಬೇಕು, ಅವಸರ ಮಾಡಬೇಡ, ಒತ್ತಬೇಡ ಅಂದರು. ಒತ್ತಬೇಡ ಅನ್ನುವುದೊಂದರಲ್ಲಿ ಡಾಕ್ಟರಮ್ಮನೂ ನನ್ನ ಅತ್ತೆಯೂ ಒಂದೇ.

ಆದರೆ ಗುಬ್ಬಿಯ ಕಾರ್ಯಕ್ರಮ ಇದ್ದದ್ದು ಆ ಶನಿವಾರ. ಸ್ಕೂಲಿನ ದೊಡ್ಡ ಹಾಲಿನಲ್ಲಿ, ಇಡೀ ವಾದ್ಯವೃಂದ ಸುಮ್ಮನಾಗಿ ಇವಳೊಬ್ಬಳೇ ಮುಂದೆ ಬಂದು ನುಡಿಸುವ ಭಾಗವೊಂದಿತ್ತು. ಅದಕ್ಕಾಗಿ ವರ್ಷವಿಡೀ ಬೆರಳು ಸವೆಸಿದ್ದಳು. ಅದರ ಹಿಂದಿನ ಭಾನುವಾರ ಸಂಜೆ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಒತ್ತಿ, "ನಾನು ನುಡಿಸಲ್ಲ. ಸೋಮವಾರವೇ ಟೀಚರಿಗೆ ಹೇಳ್ತೀನಿ. ಇನ್ಮೇಲೆ ಪಿಟೀಲೇ ಬೇಡ" ಅಂದಳು.

ಅವರಪ್ಪ, "ನೀರು ಜಾಸ್ತಿ ಕುಡಿ, ಸರಿಹೋಗುತ್ತೆ" ಅಂದರು. ನಮ್ಮ ಮನೆಯವರ ಪ್ರಕಾರ ಲೋಕದ ಸಮಸ್ಯೆಗಳೆಲ್ಲ ಬಾಯಾರಿಕೆಯಿಂದ ಬಂದವು.

ನಾನು ಅವಳ ಕೋಣೆಗೆ ಹೋಗಿ ಸಮಾಧಾನ ಹೇಳಲು ಶುರು ಮಾಡಿದೆ. ಹೇಳಿದೆ, ಹೇಳಿದೆ, ಹೇಳುತ್ತಲೇ ಇದ್ದೆ. ಕೊನೆಗೆ ಅವಳು ಗೋಡೆಯ ಕಡೆ ತಿರುಗಿ, "ಪಿಟೀಲು ಕುಯ್ಯಬೇಡಮ್ಮ" ಅಂದಳು. ಮನೆಯಲ್ಲಿ ಪಿಟೀಲಿಗೆ ಬೀಗ ಹಾಕಿದವಳ ಬಾಯಲ್ಲಿ ಆ ಮಾತು! ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದೆವು.

"ಗುಬ್ಬಿ, ನನಗೂ ಹೀಗೇ ಆಗಿತ್ತು. ನಿನಗಿಂತ ಜೋರಾಗಿ."

"ಸುಳ್ಳು. ಆ ಫೋಟೋ ನೋಡು, ನನ್ನ ವಯಸ್ಸಲ್ಲೇ ತೆಗೆದದ್ದು ತಾನೇ?"

"ಅದು ಟಚಿಂಗ್ ಮಾಡಿದ್ದು ಕಣೇ. ನಮ್ಮತ್ತೆ ಮಾಡಿದ್ದು."

"ಎಲ್ಲಾ ಫೋಟೋನೂನಾ? ಒಂದಾದ್ರೂ ತೋರ್ಸು ಹಾಗಾದ್ರೆ."

ಆಲ್ಬಮ್ ತಂದೆ. ಒಂದೊಂದೇ ಪುಟ ತಿರುವಿದೆ. ಎಲ್ಲದರಲ್ಲೂ ಬೆಣ್ಣೆ ಕೆನ್ನೆ. ಅತ್ತೆ ಒಂದನ್ನೂ ಬಿಟ್ಟಿರಲಿಲ್ಲ. ನಾನು ಅನುಭವಿಸಿದ ಅಷ್ಟೂ ನೋವಿಗೆ ಒಂದು ಸಾಕ್ಷಿಯೂ ಇಲ್ಲದ ಹಾಗೆ ಅಳಿಸಿಟ್ಟಿದ್ದಳು ಮಹಾರಾಯ್ತಿ! ಗುಬ್ಬಿ ಆಲ್ಬಮ್ ಮುಚ್ಚಿದಳು.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಅದಕ್ಕೆ ಹೇಳ್ತಿದ್ದೀಯ. ಬಿಡಮ್ಮ. ನನ್ನ ಮುಖ ಯಾರೂ ಒಂದು ನಿಮಿಷ ನೋಡಲ್ಲ. ಮಾತಾಡೋವಾಗ ಎಲ್ಲರೂ ನನ್ನ ಕಿವಿ ನೋಡಿ ಮಾತಾಡ್ತಾರೆ. ನೀನೂ ಅಷ್ಟೇ."

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಯಾಕೆಂದರೆ ಆ ಕ್ಷಣ ನಾನು ನಿಜಕ್ಕೂ ಅವಳ ಕಿವಿಯನ್ನೇ ನೋಡುತ್ತಿದ್ದೆ. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ದಿನವಿಡೀ ಜನರ ಮೂಗು ಕಿವಿ ಅಳೆಯುವುದೇ ಉದ್ಯೋಗ, ಅಭ್ಯಾಸಬಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ, "ನಾಳೆ ಪೆನ್ಸಿಲ್ ಅಜ್ಜಿ ಹತ್ತಿರ ಹೋಗೋಣ ಬಾ. ಅವಳೇ ಹೇಳ್ತಾಳೆ. ಟೀಚರಿಗೆ ಆಮೇಲೆ ಹೇಳು" ಅಂದೆ.

ಪೆನ್ಸಿಲ್ ಅಜ್ಜಿ ಎಂದರೆ ನನ್ನ ಅತ್ತೆ. ಗುಬ್ಬಿ ಚಿಕ್ಕವಳಿದ್ದಾಗ ಇಟ್ಟ ಹೆಸರು.

"ಅಜ್ಜಿಗೆ ಈಗ ಕಣ್ಣು ಕಾಣಲ್ಲ ಅಲ್ವಾ?"

"ಹೂಂ, ಹೋಗಿದೆ."

"ಹಾಗಾದ್ರೆ ಬರ್ತೀನಿ."

ಪೂರ್ತಿ ಹೋಗಿಲ್ಲ ಎಂದು ನಾನು ಹೇಳಲಿಲ್ಲ. ಅವಳು ಕೇಳಲಿಲ್ಲವಲ್ಲ.

ಅಪ್ಪ ಹೋದ ಮೇಲೆ ಸ್ಟುಡಿಯೋವನ್ನು ನನ್ನ ತಮ್ಮ ಜೆರಾಕ್ಸ್ ಅಂಗಡಿ ಮಾಡಿದ್ದಾನೆ. ಮುಂದೆ ಎರಡು ಯಂತ್ರ, ಪಕ್ಕದಲ್ಲಿ ಪಾಸ್‌ಪೋರ್ಟ್ ಫೋಟೋಗೊಂದು ಬಿಳಿ ಪರದೆ. ಈಗ ಟಚಿಂಗ್ ಎಂದರೆ ಕಂಪ್ಯೂಟರಿನಲ್ಲಿ ಒಂದು ಬಟನ್. ಒತ್ತಿದರೆ ಮುಖವೆಲ್ಲ ಒಮ್ಮೆಗೇ ನುಣುಪಾಗುತ್ತದೆ, ಎಲ್ಲರೂ ಒಂದೇ ಅಂಗಡಿಯಲ್ಲಿ ಕೊಂಡ ಗೊಂಬೆಗಳ ಹಾಗೆ ಕಾಣುತ್ತಾರೆ. ಹಿಂದಿನ ಕೋಣೆ ಮಾತ್ರ ಹಾಗೇ ಇದೆ. ಅತ್ತೆಯ ಮಂಚ ಅದೇ ಕಿಟಕಿಯ ಪಕ್ಕ, ಇಳಿಜಾರು ಮೇಜಿನ ಮೇಲೆ ಈಗ ಅವಳ ಔಷಧಿ ಡಬ್ಬಿಗಳು ಜಾರದ ಹಾಗೆ ಅಡ್ಡಪಟ್ಟಿ ಹೊಡೆದಿದ್ದಾರೆ. ಒಳಗೆ ಕಾಲಿಟ್ಟ ಕೂಡಲೇ ನಾನು ಮತ್ತೆ ಹತ್ತು ವರ್ಷದ ಹುಡುಗಿಯಾದೆ. ಅಡುಗೆಮನೆಯಿಂದ ಅಮ್ಮ ಕರೆಯುತ್ತಾಳೇನೋ, ಅಪ್ಪ 'ಅಕ್ಕಾ, ನೆಂಟರು' ಎಂದು ಕೂಗುತ್ತಾನೇನೋ ಅನ್ನಿಸಿತು.

ಗುಬ್ಬಿ ಕೂದಲನ್ನು ಎಡಗೆನ್ನೆಯ ಮೇಲೆ ಪರದೆಯ ಹಾಗೆ ಬಿಟ್ಟುಕೊಂಡು ದೂರದ ಸ್ಟೂಲಿನಲ್ಲಿ ಕೂತಳು. ನಾನು ವಿಷಯ ಹೇಳಿದೆ. ಅತ್ತೆ ನಕ್ಕಳು.

"ನಿಮ್ಮಮ್ಮನ ಮುಖದಲ್ಲಿ ನೆಂಟರಿರಲಿಲ್ವಾ? ಛತ್ರ ಆಗಿತ್ತು ಕಣೇ ಅದು!"

"ನೀವಿಬ್ರೂ ಮಾತಾಡ್ಕೊಂಡಿದ್ದೀರ" ಎಂದಳು ಗುಬ್ಬಿ.

ಅತ್ತೆ ಗೋಡೆಯ ಕಡೆ ಮುಖ ಮಾಡಿ ನನ್ನ ತಮ್ಮನನ್ನು ಕೂಗಿದಳು. "ಶೋಕೇಸ್ ಡಬ್ಬಿ ಇಳಿಸೋ ಅಟ್ಟದಿಂದ." ತಮ್ಮ ಏಣಿ ಹತ್ತಿ, ಧೂಳು ಕುಡಿದು, ಕೆಮ್ಮಿ, ಒಂದು ತಗಡಿನ ಡಬ್ಬಿ ಇಳಿಸಿದ. ಒಳಗೆ ಕಾಗದದ ಹಾಳೆಗಳ ನಡುವೆ, ಶೋಕೇಸಿನಲ್ಲಿ ಇಟ್ಟಿದ್ದ ಫೋಟೋಗಳ ಅಂಗೈಗಿಂತ ದೊಡ್ಡ ನೆಗೆಟಿವ್‌ಗಳು. ನನ್ನ ಮುಖ ಬೇಗನೇ ಸಿಕ್ಕಿತು, ಬಿಳಿ ಜಡೆ, ಕಪ್ಪು ಕೆನ್ನೆ, ಸಿಟ್ಟಿನ ಹುಬ್ಬು.

"ಮಗು, ನಿನ್ನ ಕೈಯಲ್ಲೇ ಹಿಡ್ಕೋ. ಹೊಳೆಯೋ ಮೈ ಕಿಟಕಿ ಕಡೆ, ಮಂಕು ಮೈ ನಿನ್ನ ಕಡೆ. ಸ್ವಲ್ಪ ವಾರೆ ಮಾಡು" ಎಂದಳು ಅತ್ತೆ. "ಈಗ ನಾನು ಹೇಳ್ತೀನಿ, ನೀನು ನೋಡ್ತಾ ಹೋಗು. ಎಡಗೆನ್ನೆ ಮೇಲೆ ಮೂರು ಜನ ಸಾಲಾಗಿ. ನಡುವಿನವನು ದಪ್ಪ. ಅವನ ಕೆಳಗೆ ಇಬ್ಬರು ಒಬ್ಬರಿಗೊಬ್ಬರು ಅಂಟ್ಕೊಂಡು. ಮೂಗಿನ ಬುಡದಲ್ಲಿ ಒಬ್ಬ ಹಠಮಾರಿ, ಅವನನ್ನ ಎರಡು ಸಲ ತುಂಬಬೇಕಾಯ್ತು, ಗೀರು ಗೀರಾಗಿ ಕಾಣ್ತಿರ್ಬೇಕು. ಹಣೆ ಮೇಲೆ ಬೈತಲೆ ಕೆಳಗೆ ಸಣ್ಣವರು, ಚೆಲ್ಲಿದ ಸಾಸಿವೆ ಹಾಗೆ. ಗದ್ದದಲ್ಲಿ ಒಂದು ಗುಳಿ, ಅದು ನೆಂಟ ಅಲ್ಲ, ಹುಟ್ಟಿದಾಗಿನಿಂದ ಇರೋದು, ಅದನ್ನ ನಾನು ಮುಟ್ಟಿಲ್ಲ."

ಗುಬ್ಬಿ ನನ್ನ ಚೀಲದಿಂದ ಅಂಗಡಿಯ ಭೂತಗನ್ನಡಿ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದಳು. ಅತ್ತೆ ಹೇಳಿದಲ್ಲೆಲ್ಲ ಸೀಸದ ಮಿನುಗು, ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳ ಗುಂಪು. ಹೇಳದ ಕಡೆ ಒಂದೂ ಇಲ್ಲ. ಗುಬ್ಬಿಯ ತುಟಿ ಅಲುಗುತ್ತಿತ್ತು, ಸಾಲು ಸಾಲಾಗಿ ಓದುತ್ತಿರುವವಳ ಹಾಗೆ.

"ಇದನ್ನ ಅಳಿಸಕ್ಕಾಗುತ್ತಾ ಅಜ್ಜಿ?"

"ಟರ್ಪೆಂಟೈನ್ ಇದ್ರೆ ಆಗುತ್ತೆ. ಹತ್ತಿಯಲ್ಲಿ ಅದ್ದಿ ಮೆಲ್ಲಗೆ. ಉಜ್ಜಬಾರದು, ಸವರಬೇಕು."

ತಮ್ಮ ಪಕ್ಕದ ಬಣ್ಣದಂಗಡಿಗೆ ಓಡಿದ. ಪಿಟೀಲಿನ ತಂತಿಯ ಮೇಲೆ ಓಡಾಡಿದ ಬೆರಳುಗಳಲ್ಲವೇ, ಗುಬ್ಬಿಯ ಕೈ ಒಂದಿಷ್ಟೂ ನಡುಗಲಿಲ್ಲ. ಹತ್ತಿ ಬೂದಿಬಣ್ಣಕ್ಕೆ ತಿರುಗಿತು. ಇಷ್ಟು ವರ್ಷ ಅಲ್ಲಿ ಕೂತಿದ್ದ ಸೀಸ ಬಿಟ್ಟುಬಂತು. ಆಮೇಲೆ ನೆಗೆಟಿವನ್ನು ಕಿಟಕಿಗೆ ಹಿಡಿದು ತನ್ನ ಮೊಬೈಲಿನಲ್ಲಿ ಫೋಟೋ ತೆಗೆದು, ಏನೋ ಒತ್ತಿ ಕಪ್ಪನ್ನು ಬಿಳಿ ಮಾಡಿದಳು, ಬಿಳಿಯನ್ನು ಕಪ್ಪು.

ನಾನೂ ಬಗ್ಗಿ ನೋಡಿದೆ. ಇದ್ದಳು ಜೋಳದ ತೆನೆ! ಒಂದು ಗುಳ್ಳೆಯೂ ಕಳೆದುಹೋಗಿರಲಿಲ್ಲ. ಕೆನ್ನೆ ಊದಿತ್ತು, ಮೂಗಿನ ಪಕ್ಕ ಹಠಮಾರಿ ಕೂತಿದ್ದ, ಕಣ್ಣು ಮಾತ್ರ ನೇರ ನೋಡುತ್ತಿತ್ತು. ನಾನು ಮರೆತೇಬಿಟ್ಟಿದ್ದ ಹುಡುಗಿ. ಅವಳನ್ನು ನೋಡಿ ನನಗೆ ಅಸಹ್ಯವಾಗಲಿಲ್ಲ, ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳೋಣ ಅನ್ನಿಸಿತು.

"ಅಮ್ಮಾ" ಎಂದಳು ಗುಬ್ಬಿ, "ನೀನು ನನಗಿಂತ ಕೆಟ್ಟದಾಗಿದ್ದೆ!"

ಅಷ್ಟು ಸಂತೋಷದಿಂದ ಯಾರೂ ನನ್ನನ್ನು ಬೈದಿರಲಿಲ್ಲ.

ಅವಳ ನಗು ಬೇಗ ನಿಂತಿತು. ಮತ್ತೆ ಮೊಬೈಲು ನೋಡಿದಳು, ಬೂದಿಬಣ್ಣದ ಹತ್ತಿ ನೋಡಿದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು.

"ಅಜ್ಜಿ, ಇದಕ್ಕೆ ಎಷ್ಟು ಹೊತ್ತು ಹಿಡೀತು?"

"ಬೇರೆಯವರದ್ದಾದ್ರೆ ಒಂದು ಮಧ್ಯಾಹ್ನ ಸಾಕು. ಇದಕ್ಕೆ ವಾರ ಆಯ್ತು. ಅವಸರ ಮಾಡಿದ್ರೆ ನೆಂಟರ ಜೊತೆ ಹುಡುಗಿನೂ ಅಳಿಸಿ ಹೋಗ್ತಾಳೆ. ನನಗೆ ಹುಡುಗಿ ಬೇಕಿತ್ತಲ್ಲ."

"ವಾರವಿಡೀ ಈ ಮುಖ ನೋಡ್ತಾ ಕೂತಿದ್ಯಾ? ಭೂತಗನ್ನಡಿಲಿ? ನಿನಗೆ... ಅಸಹ್ಯ ಆಗ್ಲಿಲ್ವಾ?"

ಅತ್ತೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಯಾವುದೋ ಬೇರೆ ಭಾಷೆಯಲ್ಲಿ ಕೇಳಿದರೇನೋ ಅನ್ನುವಂತೆ ಹುಬ್ಬು ಗಂಟಿಕ್ಕಿದಳು.

"ಅಸಹ್ಯನಾ? ನಮ್ಮ ಹುಡುಗಿ ಮುಖ ಕಣೇ ಅದು. ಕೆಲಸ ಮುಗಿದ ದಿನ ನನಗೆ ಬೇಜಾರಾಯ್ತು. ಇನ್ನೂ ಸ್ವಲ್ಪ ಹೊತ್ತು ನೋಡ್ಬೋದಿತ್ತು ಅನ್ನಿಸ್ತು."

ನಾನು ಅಳುವವಳಲ್ಲ. ಅವತ್ತು ಅತ್ತುಬಿಟ್ಟೆ. ಸದ್ದಿಲ್ಲದೆ, ಮುಖ ಮುಚ್ಚಿಕೊಳ್ಳದೆ. ಇಷ್ಟು ವರ್ಷ ಅತ್ತೆ ನನಗೆ ಮಾಡಿದ ಉಪಕಾರ ಗುಳ್ಳೆ ಅಳಿಸಿದ್ದು ಅಂದುಕೊಂಡಿದ್ದೆ. ಅಳಿಸಬೇಕಾದರೆ ಮೊದಲು ನೋಡಬೇಕು ಅನ್ನುವುದು ನನಗೆ ಹೊಳೆದಿರಲಿಲ್ಲ. ನಾನು ಹಿತ್ತಲ ಬಾಗಿಲಿನಿಂದ ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದ ಆ ವಾರವೆಲ್ಲ, ಗೋಡೆಯಾಚೆ ಒಬ್ಬಳು ಉಸಿರು ಬಿಗಿಹಿಡಿದು ಅದೇ ಮುಖವನ್ನು ನೋಡುತ್ತ ಕೂತಿದ್ದಳು.

ಗುಬ್ಬಿ ಸ್ಟೂಲನ್ನು ಎಳೆದುಕೊಂಡು ಮಂಚದ ಹತ್ತಿರ ಬಂದಳು.

"ನಿಂಗೆ ಒಂಚೂರೂ ಕಾಣಲ್ವಾ ಅಜ್ಜಿ?"

"ನೇರ ನೋಡಿದ್ರೆ ಕಾಣಲ್ಲ. ನಡುವೆ ಯಾರೋ ಮಸಿ ಒರೆಸಿದ ಹಾಗಿದೆ. ಅಂಚಲ್ಲಿ ಕಾಣುತ್ತೆ, ಕೋಳಿ ಕಾಳು ನೋಡುತ್ತಲ್ಲ, ಹಾಗೆ ವಾರೆ ತಿರುಗಿದ್ರೆ."

ಗುಬ್ಬಿ ನನ್ನ ಕಡೆ ಒಂದು ನೋಟ ಎಸೆದಳು. ಮೋಸ ಮಾಡಿದೆಯಲ್ಲ ಎನ್ನುವ ನೋಟ. ಎದ್ದು ಹೋಗುತ್ತಾಳೆ ಅಂದುಕೊಂಡೆ. ಅವಳು ಸ್ಟೂಲನ್ನು ಅತ್ತೆಯ ಪಕ್ಕಕ್ಕೆ, ಕಿಟಕಿಯ ಬೆಳಕು ಬೀಳುವ ಕಡೆಗೆ ಸರಿಸಿ ಕೂತು, ಎಡಗೆನ್ನೆಯ ಮೇಲಿನ ಕೂದಲನ್ನು ತೆಗೆದು ಕಿವಿಯ ಹಿಂದೆ ಸಿಕ್ಕಿಸಿದಳು.

"ನನ್ನ ನೆಂಟರನ್ನೂ ನೋಡು."

ಅತ್ತೆ ಗೋಡೆಯ ಕಡೆಗೆ ತಿರುಗಿದಳು. ಗೋಡೆ ನೋಡುತ್ತಲೇ, ಕಣ್ಣಂಚಿನಿಂದ, ಗುಬ್ಬಿಯನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಮುಂದಿನ ಕೋಣೆಯಲ್ಲಿ ಜೆರಾಕ್ಸ್ ಯಂತ್ರ ಕಾಗದ ಉಗುಳುತ್ತಿತ್ತು. ಗುಬ್ಬಿ ಕದಲಲಿಲ್ಲ, ಮುಖ ತಿರುಗಿಸಲಿಲ್ಲ. ಕೆನ್ನೆ ಇನ್ನಷ್ಟು ಕೆಂಪಾಯಿತು, ಅಷ್ಟೇ.

"ಹಣೆ, ಕೆನ್ನೆ ಮೇಲೆ ಇರೋರೆಲ್ಲ ನಿಮ್ಮಮ್ಮನ ಕಡೆಯವರು" ಎಂದಳು ಅತ್ತೆ ಕೊನೆಗೆ. "ದವಡೆ ಮೇಲೆ ಗುಂಪಾಗಿ ಕೂತಿರೋರು ಯಾರು? ಪಿಟೀಲಿನ ಕಡೆಯವರಾ?"

ಗುಬ್ಬಿ ಗೊಳ್ಳನೆ ನಕ್ಕಳು. "ಹೂಂ ಅಜ್ಜಿ. ಡಾಕ್ಟರೂ ಹಾಗೇ ಅಂದ್ರು."

"ಡಾಕ್ಟರಿಗೇನು ಗೊತ್ತು. ಎಲ್ಲಾ ಉಷ್ಣ."

ವಾಪಸು ಬರುವಾಗ ಬಸ್ಸಿನಲ್ಲಿ ಗುಬ್ಬಿ ಕಿಟಕಿಯ ಪಕ್ಕ ಕೂತಳು. ಗಾಳಿಗೆ ಕೂದಲು ಹಾರುತ್ತಿತ್ತು, ಅದನ್ನು ಕೆನ್ನೆಯ ಮೇಲೆ ಎಳೆದುಕೊಳ್ಳಲು ಮರೆತಿದ್ದಳು. ನಾನು ಅವಳ ಮುಖ ನೋಡಿದೆ, ಕಿವಿಯನ್ನಲ್ಲ. ಕಾರ್ಯಕ್ರಮದ ಮಾತು ಎತ್ತಲೇಬಾರದು ಎಂದು ನಾಲಿಗೆ ಕಚ್ಚಿಕೊಂಡು ಕೂತಿದ್ದೆ. ನಾನು ಸುಮ್ಮನಿರುವುದು ಎಷ್ಟು ಕಷ್ಟ ಅಂತ ನಮ್ಮ ಮನೆಯವರನ್ನು ಕೇಳಿದರೆ ಹೇಳುತ್ತಾರೆ.

ನಮ್ಮ ಸ್ಟಾಪು ಬರುವ ಮೊದಲು ಅವಳೇ ಬಾಯಿಬಿಟ್ಟಳು.

"ಅಮ್ಮಾ, ಶನಿವಾರ ಅಜ್ಜಿನ ಕರ್ಕೊಂಡು ಬಾ. ಮುಂದಿನ ಸಾಲಲ್ಲೇ ಕೂರಿಸು."

"ಆಯ್ತು."

"ಕುರ್ಚಿನ ವಾರೆ ಇಡೋಕೆ ಹೇಳು, ಗೋಡೆ ಕಡೆಗೆ. ಯಾರಾದ್ರೂ ಬೈದ್ರೂ ಪರವಾಗಿಲ್ಲ. ನೇರ ಕೂರಿಸಿದ್ರೆ ಅಜ್ಜಿಗೆ ನನ್ನ ಮುಖ ಕಾಣಲ್ಲ."